‘ವ್ಯಕ್ತಿನಿಷ್ಠ’ ಎಂಬ ಒಂದೇ ಪದದ ಮೇಲೆ ಎರಡು ಹೊರೆ

ಮಾನ್ಯ ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆಧುನಿಕ ತತ್ವಶಾಸ್ತ್ರವನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ದಿನಪತ್ರಿಕೆಯೊಂದು ಅರ್ಧ ಪುಟ ಬಿಟ್ಟುಕೊಡುವುದೇ ಅಪರೂಪವಾದ್ದರಿಂದ ಮೊದಲಿಗೆ ಅಭಿನಂದನೆ ಹೇಳುತ್ತೇನೆ. ಆದರೆ ಲೇಖನದ ನಡುವೆ ಬರುವ ಒಂದು ಮಾತನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಫಿನಾಮಿನಾಲಜಿ, ಅಂದರೆ ವಸ್ತುಗಳು ನಮ್ಮ ಅನುಭವಕ್ಕೆ ಹೇಗೆ ತೋರುತ್ತವೆ ಎಂಬುದನ್ನು ವರ್ಣಿಸುವ ವಿದ್ಯಮಾನಶಾಸ್ತ್ರವು, ಪ್ರತಿಯೊಬ್ಬರ ಅನುಭವವೂ ಅವರವರ ಮಟ್ಟಿಗೆ ಸತ್ಯವೆಂದು ಸಾರುವ ‘ವ್ಯಕ್ತಿನಿಷ್ಠ ದರ್ಶನ’ವೆಂದೂ, ಮಿದುಳಿನ ಅಧ್ಯಯನವು ‘ನಾನು’ ಎಂಬುದೇ ಒಂದು ಭ್ರಮೆಯೆಂದು ತೋರಿಸಿರುವುದರಿಂದ ಆ ದರ್ಶನಕ್ಕೆ ಇನ್ನು ಕೆಲಸವಿಲ್ಲವೆಂದೂ ಲೇಖಕರು ಬರೆದಿದ್ದಾರೆ. ಇವುಗಳಲ್ಲಿ ಮೊದಲನೆಯ ಮಾತು ಸತ್ಯಕ್ಕೆ ನೇರ ವಿರುದ್ಧವಾದದ್ದು. ಎರಡನೆಯದು ಅರ್ಧ ನಿಜ, ಆ ಅರ್ಧವೂ ಹೊಸತಲ್ಲ.

ಈ ಗೊಂದಲಕ್ಕೆ ಲೇಖಕರೊಬ್ಬರನ್ನೇ ಹೊಣೆ ಮಾಡಲಾರೆ, ಏಕೆಂದರೆ ತಪ್ಪಿನ ಒಂದು ಪಾಲು ನಾವೆಲ್ಲರೂ ಬಳಸುವ ಪದದಲ್ಲಿಯೇ ಇದೆ. ತೀರ್ಪುಗಾರರ ನಿರ್ಧಾರ ವ್ಯಕ್ತಿನಿಷ್ಠವಾಗಿತ್ತು ಎಂದರೆ ಅದು ಆಕ್ಷೇಪಣೆ; ವರದಿ ವಸ್ತುನಿಷ್ಠವಾಗಿದೆ ಎಂದರೆ ಅದು ಹೊಗಳಿಕೆ. ಹೀಗೆ ಪತ್ರಿಕೆಯ ಭಾಷೆಯಲ್ಲಿ ‘ವ್ಯಕ್ತಿನಿಷ್ಠ’ ಎಂಬುದಕ್ಕೆ ಪಕ್ಷಪಾತದಿಂದ ಕೂಡಿದ, ಮನಸ್ಸಿಗೆ ಬಂದಂತೆ ಹೇಳಿದ ಎಂಬ ಅರ್ಥ ನಿಂತುಹೋಗಿದೆ. ತತ್ವಶಾಸ್ತ್ರದವರು ಅದೇ ಪದವನ್ನು ಎತ್ತಿಕೊಂಡು, ಜಗತ್ತು ಯಾರಿಗೆ ತೋರುತ್ತದೆಯೋ ಆ ‘ಯಾರು’ ಎಂಬುದರ ಸ್ವರೂಪವೇನು ಎಂದು ಕೇಳಿದಾಗ, ಓದುಗರಿಗೆ ಅದು ಅಭಿಪ್ರಾಯಗಳ ಸಮರ್ಥನೆಯಂತೆ ಕೇಳಿಸುವುದು ಸಹಜ. ಶಂಕರರು ತಮ್ಮ ಬ್ರಹ್ಮಸೂತ್ರ ಭಾಷ್ಯವನ್ನು ಆರಂಭಿಸುವುದೇ ವಿಷಯ ಮತ್ತು ವಿಷಯಿ ಎಂಬ ಜೋಡಿಯಿಂದ. ತಿಳಿಯಲ್ಪಡುವುದು ವಿಷಯ, ತಿಳಿಯುವುದು ವಿಷಯಿ. ನಮಗೆ ಬೇಕಾಗಿರುವ ಪದ ಅಲ್ಲಿ ಸಿದ್ಧವಾಗಿಯೇ ಇದೆ. ದುರದೃಷ್ಟಕ್ಕೆ ‘ವಿಷಯ’ ಎಂದರೆ ಇಂದಿನ ಕನ್ನಡದಲ್ಲಿ ಸಮಾಚಾರವಾಗಿದೆ, ‘ವಿಷಯಿ’ ಎಂದರೆ ವಿಷಯಲಂಪಟನ ನೆನಪಾಗುತ್ತದೆ. ಹಾಗಿದ್ದರೂ ಈ ಪತ್ರದ ಮಟ್ಟಿಗೆ ನಾನು ಆ ಪದವನ್ನೇ ಬಳಸುತ್ತೇನೆ.

ಪಶ್ಚಿಮದಲ್ಲಿಯೂ ಈ ಪದಗಳ ನಡೆ ನೇರವಾಗಿಲ್ಲ. ಲ್ಯಾಟಿನ್ನಿನ ‘ಸುಬ್ಯೆಕ್ಟುಮ್’ ಎಂಬುದಕ್ಕೆ ಅಡಿಯಲ್ಲಿರುವುದು, ಗುಣಗಳನ್ನು ಹೊತ್ತು ನಿಂತಿರುವುದು ಎಂಬ ಅರ್ಥವಿತ್ತು. ಕಲ್ಲಾಗಲಿ ಮರವಾಗಲಿ ತನ್ನ ಗುಣಗಳಿಗೆ ತಾನೇ ಆಧಾರವಾದ್ದರಿಂದ ಅದೂ ಒಂದು ಸುಬ್ಯೆಕ್ಟುಮ್ ಆಗಿತ್ತು. ಫ್ರೆಂಚ್ ದಾರ್ಶನಿಕ ಡೆಕಾರ್ಟ್ 1641ರ ‘ಧ್ಯಾನಗಳು’ ಕೃತಿಯಲ್ಲಿ ‘ಆಬ್ಜೆಕ್ಟಿವ್’ ವಾಸ್ತವತೆ ಎಂದಾಗ, ಅದು ಮನಸ್ಸಿನೊಳಗಿನ ಕಲ್ಪನೆಯು ಯಾವುದನ್ನು ಮುಂದಿಡುತ್ತದೆಯೋ ಆ ನೆಲೆಯಲ್ಲಿ ಆ ವಸ್ತುವಿಗಿರುವ ಇರವನ್ನು ಸೂಚಿಸುತ್ತಿತ್ತು, ಅಂದರೆ ಇಂದಿನ ಬಳಕೆಗೆ ಬಹುಮಟ್ಟಿಗೆ ತಿರುಗುಮುರುಗು. ಹದಿನೆಂಟನೆಯ ಶತಮಾನದ ಜರ್ಮನ್ ದಾರ್ಶನಿಕ ಕಾಂಟನ ಕಾಲಕ್ಕೆ ಅರ್ಥಗಳು ಅದಲುಬದಲಾಗಿ, ‘ಅಡಿಯಲ್ಲಿರುವುದು’ ಎಂಬ ಹಳೆಯ ಪಟ್ಟ ತಿಳಿಯುವವನಿಗೆ ಮಾತ್ರ ಸಂದಿತು. ಮುಂದೆ ಇಪ್ಪತ್ತನೆಯ ಶತಮಾನದ ಜರ್ಮನ್ ಚಿಂತಕ ಹೈಡೆಗರ್ ಇದನ್ನೇ ಹಿಡಿದು ವಾದಿಸಿದ: ‘ನಾನು’ ಎಂಬುದನ್ನು ವಿಷಯಿ ಎಂದು ಕರೆದೊಡನೆ, ನಮಗೆ ಗೊತ್ತಿಲ್ಲದಂತೆ, ಅದನ್ನು ಕಲ್ಲಿನ ಹಾಗೆ ಅಡಿಯಲ್ಲಿ ಬಿದ್ದಿರುವ ಒಂದು ಪದಾರ್ಥವೆಂದು ಒಪ್ಪಿಕೊಂಡುಬಿಡುತ್ತೇವೆ.

ಈಗ ಮೊದಲನೆಯ ಮಾತಿಗೆ ಬರುತ್ತೇನೆ. ವಿದ್ಯಮಾನಶಾಸ್ತ್ರವನ್ನು ಕಟ್ಟಿದ ಎಡ್ಮಂಡ್ ಹುಸರ್ಲ್ (1859–1938) ಮೂಲತಃ ಗಣಿತದವನು. ಬರ್ಲಿನ್ನಿನಲ್ಲಿ ವೈಯರ್‌ಸ್ಟ್ರಾಸ್ ಎಂಬ ಮಹಾ ಗಣಿತಜ್ಞನಿಗೆ ಸಹಾಯಕನಾಗಿದ್ದವನು. ಅವನ ‘ತಾರ್ಕಿಕ ಶೋಧನೆಗಳು’ 1900 ಮತ್ತು 1901ರಲ್ಲಿ ಎರಡು ಭಾಗಗಳಾಗಿ ಬಂತು, ಮತ್ತು ಮೊದಲ ಭಾಗವಿಡೀ ಒಂದು ಖಂಡನೆ. ಖಂಡನೆಗೆ ಗುರಿಯಾದದ್ದು, ತರ್ಕದ ನಿಯಮಗಳೆಂದರೆ ಮನುಷ್ಯರ ಮನಸ್ಸು ಯೋಚಿಸುವ ರೀತಿಯ ನಿಯಮಗಳಷ್ಟೇ ಎಂಬ ಅಂದಿನ ಜನಪ್ರಿಯ ವಾದ. ಹುಸರ್ಲನ ಉತ್ತರ ಸರಳವಾಗಿತ್ತು. ಮನಸ್ಸಿನ ನಿಯಮಗಳನ್ನು ನಾವು ಗಮನಿಸಿ ಗಮನಿಸಿ ಸಂಗ್ರಹಿಸುತ್ತೇವೆ. ಅವು ಸಾಮಾನ್ಯವಾಗಿ ಹೀಗಿರುತ್ತದೆ ಎಂದಷ್ಟೇ ಹೇಳಬಲ್ಲವು. ಒಂದು ಮಾತು ಮತ್ತು ಅದರ ನಿರಾಕರಣೆ ಎರಡೂ ಏಕಕಾಲದಲ್ಲಿ ನಿಜವಾಗಲಾರವು ಎಂಬುದಾದರೋ ‘ಸಾಮಾನ್ಯವಾಗಿ’ ನಿಜವಾದದ್ದಲ್ಲ. ಒಬ್ಬನ ತಲೆಯಲ್ಲಿ ನಡೆಯುವ ಎಣಿಕೆ ಇಂದು ನಡೆದು ಇಂದೇ ಮುಗಿಯುತ್ತದೆ, ಆದರೆ ಎಣಿಕೆಯಿಂದ ಸಿಕ್ಕ ಏಳು ಎಂಬ ಸಂಖ್ಯೆಗೆ ತಾರೀಖು ಇಲ್ಲ. ಹೀಗೆ ‘ಅವರವರ ಸತ್ಯ ಅವರವರಿಗೆ’ ಎಂಬುದರ ವಿರುದ್ಧ ಯುದ್ಧ ಹೂಡಿಯೇ ಹುಟ್ಟಿದ ಶಾಸ್ತ್ರವೊಂದಕ್ಕೆ ಅದೇ ಘೋಷಣೆಯನ್ನು ಅಂಟಿಸುವುದು ಎಷ್ಟು ಸರಿ?

ಹಾಗಾದರೆ ಅವನು ಅನುಭವದತ್ತ ತಿರುಗಿದ್ದು ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸಂಖ್ಯೆ, ಸತ್ಯ, ವಸ್ತು ಇವೆಲ್ಲ ನನ್ನ ಮನಸ್ಸಿನ ತುಂಡುಗಳಲ್ಲ ಎಂದಾದರೆ, ಅವು ನನಗೆ ಸಿಗುವುದಾದರೂ ಹೇಗೆ ಎಂದು ಕೇಳಲೇಬೇಕಾಗುತ್ತದೆ. ಇಲ್ಲಿ ಅವನಿಗೆ ನೆರವಾದದ್ದು ಗುರು ಬ್ರೆಂಟಾನೊ 1874ರಲ್ಲಿ ಮುಂದಿಟ್ಟಿದ್ದ ಒಂದು ಗಮನಿಕೆ: ಪ್ರಜ್ಞೆ ಯಾವಾಗಲೂ ಯಾವುದರದೋ ಪ್ರಜ್ಞೆಯಾಗಿರುತ್ತದೆ. ನೋಟಕ್ಕೆ ನೋಡಲ್ಪಟ್ಟದ್ದು ಇರುತ್ತದೆ, ಭಯಕ್ಕೆ ಭಯಪಟ್ಟದ್ದು ಇರುತ್ತದೆ. ಪ್ರಜ್ಞೆ ಎಂಬುದು ಒಳಗೆ ಚಿತ್ರಗಳನ್ನು ಜೋಡಿಸಿಟ್ಟ ಪೆಟ್ಟಿಗೆಯಲ್ಲ. ಅದು ಮೊದಲಿನಿಂದಲೂ ಹೊರಮುಖಿ. ಪತ್ರಿಕೆಯ ಕೆಲಸದಿಂದಲೇ ಒಂದು ಉದಾಹರಣೆ ಕೊಡಬಹುದು. ಕರಡು ತಿದ್ದುವವರು ಮತ್ತು ಓದುಗರು ನೋಡುವುದು ಒಂದೇ ಹಾಳೆಯನ್ನು. ಓದುಗರಿಗೆ ಸುದ್ದಿ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಕರಡು ತಿದ್ದುವವರಿಗೆ ದೀರ್ಘ, ಒತ್ತಕ್ಷರಗಳು ಕಾಣುತ್ತವೆ, ಸುದ್ದಿ ಹಿಂದೆ ಸರಿಯುತ್ತದೆ. ಶಾಯಿಯೂ ಒಂದೇ, ಕಣ್ಣಿನ ಮೇಲೆ ಬೀಳುವ ಬೆಳಕೂ ಒಂದೇ; ಬದಲಾದದ್ದು ಹಾಳೆ ಯಾವುದಾಗಿ ಕಾಣಬೇಕು ಎಂಬುದು. ಈ ‘ಆಗಿ’ ಎಂಬುದನ್ನೇ ಹುಸರ್ಲ್ ಜೀವನವಿಡೀ ಹಿಂಬಾಲಿಸಿದ. ಇದು ನನ್ನೊಳಗೆ ಏನೇನು ಭಾವನೆ ಏಳುತ್ತದೆ ಎಂದು ಇಣುಕಿ ನೋಡುವ ಆತ್ಮಾವಲೋಕನವಲ್ಲ. ಹಾಳೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಹಾಳೆಯನ್ನೇ ನೋಡಬೇಕು.

1913ರ ‘ಐಡಿಯಾಸ್’ ಗ್ರಂಥದಲ್ಲಿ ಅವನು ಇದಕ್ಕೊಂದು ವಿಧಾನವನ್ನು ಕೊಟ್ಟ. ಪ್ರಾಚೀನ ಗ್ರೀಸಿನ ಸಂದೇಹವಾದಿಗಳಿಂದ ‘ಎಪೊಖೆ’ ಎಂಬ ಪದವನ್ನು ತೆಗೆದುಕೊಂಡು, ಜಗತ್ತು ಹೊರಗೆ ಸಿದ್ಧವಾಗಿ ಇದ್ದೇ ಇದೆ ಎಂಬ ನಮ್ಮ ಸಹಜ ನಂಬಿಕೆಯನ್ನು ಅಲ್ಲಗಳೆಯದೆ, ಬಳಸಿಕೊಳ್ಳದೆ, ತಾತ್ಕಾಲಿಕವಾಗಿ ಆವರಣ ಚಿಹ್ನೆಯೊಳಗೆ ಇಡಬೇಕು ಎಂದ. ಗಣಿತದವನಿಗೆ ತಕ್ಕ ರೂಪಕ. ಕನ್ನಡದಲ್ಲಿ ಹೇಳುವಾಗ ಇಲ್ಲೊಂದು ತಮಾಷೆ ಒದಗುತ್ತದೆ: ವೇದಾಂತದ ಆವರಣವು ನಿಜವನ್ನು ಮುಚ್ಚಿಡುವ ಶಕ್ತಿ, ಹುಸರ್ಲನ ಆವರಣವು ಅತಿ ಪರಿಚಯದಿಂದ ಮುಚ್ಚಿಹೋದದ್ದನ್ನು ತೆರೆದು ತೋರಿಸುವ ಉಪಾಯ. ಆವರಣದೊಳಗಿಟ್ಟ ಸಂಖ್ಯೆ ಹೇಗೆ ಅಳಿಸಿಹೋಗುವುದಿಲ್ಲವೋ ಹಾಗೆಯೇ ಜಗತ್ತೂ ಅಳಿಸಿಹೋಗುವುದಿಲ್ಲ. ಇದ್ದದ್ದು ಇದ್ದಂತೆಯೇ ಇರುತ್ತದೆ, ಆದರೆ ಈಗ ಅದು ‘ತೋರುತ್ತಿರುವ ಜಗತ್ತು’ ಎಂಬುದಾಗಿ ಗಮನಕ್ಕೆ ಬರುತ್ತದೆ.

ಹಾಗೆ ಗಮನಿಸಿದಾಗ ಸಿಗುವುದೇನು? ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿರುವುದು ಒಂದು ಸಣ್ಣ ಸಂಗತಿ. ಮೇಜಿನ ಮೇಲಿನ ಪೆಟ್ಟಿಗೆಯನ್ನು ನೋಡಿದಾಗ ನನ್ನ ಕಣ್ಣಿಗೆ ಬೀಳುವುದು ಅದರ ಎರಡೋ ಮೂರೋ ಮುಖಗಳು. ಆದರೂ ನಾನು ನೋಡುತ್ತಿರುವುದು ಮುಖಗಳನ್ನಲ್ಲ, ಪೆಟ್ಟಿಗೆಯನ್ನು. ಕಾಣದ ಹಿಂಬದಿಯು ಊಹೆಯಾಗಿ ಆಮೇಲೆ ಸೇರಿಕೊಳ್ಳುವುದಿಲ್ಲ; ನೋಟದೊಳಗೇ ‘ಅತ್ತಲಿಂದ ನೋಡಿದರೆ ಕಾಣುವಂಥದ್ದು’ ಎಂದು ಅದು ಬಂದಿರುತ್ತದೆ. ಅತ್ತಲಿಂದ ಯಾರು ನೋಡುವುದು? ನಾನೇ ಸುತ್ತಿ ಹೋಗಬಹುದು, ಅಥವಾ ಈಗಲೇ ಅತ್ತ ನಿಂತಿರುವ ಇನ್ನೊಬ್ಬರು ನೋಡುತ್ತಿರಬಹುದು. ನಾನು ಇತ್ತ ಇರುವಾಗಲೇ ಅತ್ತ ಇರುವುದು ನನಗೆ ಸಾಧ್ಯವಿಲ್ಲವಾದ್ದರಿಂದ, ಆ ಬದಿ ಈ ಕ್ಷಣವೇ ನೋಡಲು ಸಿಗುವಂಥದ್ದು ಎಂಬುದಕ್ಕೆ ಅರ್ಥ ಬರುವುದು ಇತರರು ಇರಬಲ್ಲರು ಎಂಬುದರಿಂದ. ಹೀಗೆ ತೀರ ಖಾಸಗಿಯೆಂದು ನಾವು ಭಾವಿಸುವ ನೋಟದೊಳಗೇ ಇತರರಿಗೆ ಜಾಗ ಕಾದಿರಿಸಲ್ಪಟ್ಟಿರುತ್ತದೆ. ವಸ್ತುನಿಷ್ಠತೆ ಎಂದರೆ ಯಾರ ನೋಟವೂ ಅಲ್ಲದ ನೋಟ ಎಂಬ ಮಾತನ್ನು ನಾವು ಎಷ್ಟು ಬೇಗ ಒಪ್ಪಿಕೊಳ್ಳುತ್ತೇವೆ! ಹುಸರ್ಲನ ಪ್ರಕಾರ ವಸ್ತುನಿಷ್ಠವೆಂದರೆ ನನಗೂ ನಿಮಗೂ ಬೇರೆ ಬೇರೆ ಬದಿಯಿಂದ ಒಂದೇ ಎಂದು ತೋರಬಲ್ಲದ್ದು. ವಿಷಯಿಯನ್ನು ಕಿತ್ತುಹಾಕಿದರೆ ಉಳಿಯುವುದು ಶುದ್ಧ ವಸ್ತುವಲ್ಲ. ‘ಒಂದೇ’ ಎಂಬ ಮಾತಿಗೇ ಅಲ್ಲಿ ಅವಕಾಶವಿರುವುದಿಲ್ಲ.

ಕಾಲದ ಪ್ರಜ್ಞೆಯನ್ನು ಕುರಿತು 1905ರಲ್ಲಿ ಅವನು ನೀಡಿದ ಉಪನ್ಯಾಸಗಳೂ ಇದೇ ಜಾಡಿನವು. ಅವು ಪುಸ್ತಕವಾದದ್ದು 1928ರಲ್ಲಿ. ಅವನು ಬಳಸಿದ್ದು ರಾಗದ ಉದಾಹರಣೆ. ಕನ್ನಡ ಬಲ್ಲವರಿಗೆ ರಾಗದವರೆಗೂ ಹೋಗಬೇಕಾಗಿಲ್ಲ, ಒಂದು ವಾಕ್ಯ ಸಾಕು. ‘ಅವನು ಹಣ ತೆಗೆದುಕೊಂಡು ಊರು ಬಿಟ್ಟು ಹೋದನೆಂದು ನಾನು ಹೇಳಲಿಲ್ಲ’ ಎಂಬಲ್ಲಿ ಕೊನೆಯ ಪದ ಬರುವ ತನಕ ಕೇಳುವವನು ಏನನ್ನು ಹಿಡಿದುಕೊಂಡಿದ್ದ? ಕಳೆದುಹೋದ ಪದಗಳು ಕಳೆದವು ಎಂಬಂತೆಯೇ ಕೈಯಲ್ಲಿದ್ದವು, ಬರಬೇಕಾದ ಕ್ರಿಯಾಪದ ಬರಬೇಕಾದದ್ದು ಎಂಬಂತೆ ಮುಂದೆ ಚಾಚಿತ್ತು, ‘ಇಲ್ಲ’ ಬಂದೊಡನೆ ಹಿಂದಿನದೆಲ್ಲ ಹೊಸ ಅರ್ಥ ತಾಳಿತು. ‘ಈಗ’ ಎಂಬುದು ಗಡಿಯಾರದ ಮುಳ್ಳು ತೋರಿಸುವ ಚುಕ್ಕೆಯಾಗಿದ್ದಿದ್ದರೆ ವಾಕ್ಯವೊಂದು ಎಂದಿಗೂ ಕೇಳಿಸುತ್ತಿರಲಿಲ್ಲ, ಬಿಡಿ ಸದ್ದುಗಳಷ್ಟೇ ಕೇಳಿಸುತ್ತಿದ್ದವು. ವಿಷಯಿ ಎಂಬುದರ ಮೊದಲ ಸುಳಿವು ಇಲ್ಲಿದೆ ಎಂದು ನನಗನ್ನಿಸುತ್ತದೆ. ಅದು ಅನುಭವಗಳ ಹಿಂದೆ ಕುಳಿತ ಯಜಮಾನನಲ್ಲ, ಅನುಭವವು ತನ್ನನ್ನು ತಾನೇ ಹಿಡಿದುಕೊಂಡು ಸಾಗುವ ರೀತಿ.

ಇಷ್ಟು ಹೇಳಿದ ಮೇಲೆ ಲೇಖಕರ ಎರಡನೆಯ ಮಾತನ್ನು ತೂಗುವುದು ಸುಲಭ. ‘ನಾನು’ ಎಂಬ ಪದಾರ್ಥವೊಂದು ಒಳಗೆ ಸಿಗುವುದಿಲ್ಲ ಎಂಬುದು ಸ್ಕ್ಯಾನ್ ಯಂತ್ರಗಳು ಬಂದಮೇಲೆ ತಿಳಿದ ಸುದ್ದಿಯಲ್ಲ. ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ 1739ರಲ್ಲಿಯೇ, ತನ್ನೊಳಗೆ ಹೊಕ್ಕು ನೋಡಿದಾಗಲೆಲ್ಲ ಬಿಸಿ, ತಂಪು, ನೋವು, ನಲಿವು ಎಂಬ ಯಾವುದಾದರೊಂದು ಅನುಭವ ಎದುರಾಗುತ್ತದೆಯೇ ಹೊರತು ಅವುಗಳಿಂದ ಬೇರೆಯಾದ ‘ತಾನು’ ಎಂದೂ ಕೈಗೆ ಸಿಗುವುದಿಲ್ಲ ಎಂದು ಬರೆದ. ಮರುವರ್ಷದ ಅನುಬಂಧದಲ್ಲಿ, ಹಾಗಾದರೆ ಈ ಅನುಭವಗಳನ್ನು ಕಟ್ಟಿಹಿಡಿದಿರುವುದು ಏನು ಎಂಬುದಕ್ಕೆ ತನ್ನ ಬಳಿ ತೃಪ್ತಿಕರ ಉತ್ತರವಿಲ್ಲವೆಂದೂ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಕಾಂಟ್ ತನ್ನ ‘ಶುದ್ಧ ವಿವೇಚನೆಯ ವಿಮರ್ಶೆ’ಯ ಎರಡನೆಯ ಆವೃತ್ತಿಯಲ್ಲಿ (1787), ‘ನಾನು ಯೋಚಿಸುತ್ತೇನೆ’ ಎಂಬುದು ನನ್ನ ಎಲ್ಲ ಅರಿವುಗಳ ಜೊತೆಗೂ ಬರಬಲ್ಲದ್ದಾಗಿರಬೇಕು ಎಂದು ಹೇಳಿ, ಅದರಿಂದ ಆತ್ಮವೆಂಬ ದ್ರವ್ಯವನ್ನು ಸಾಧಿಸಹೊರಟವರ ತರ್ಕದೋಷವನ್ನೂ ತೋರಿಸಿದ. ಫ್ರೆಂಚ್ ಚಿಂತಕ ಸಾರ್ತ್ರ್ 1930ರ ದಶಕದಲ್ಲಿ, ಹೊರಟ ವಾಹನದ ಹಿಂದೆ ಓಡುವಾಗ ಅಲ್ಲಿ ‘ನಾನು’ ಇಲ್ಲ, ಹಿಡಿಯಬೇಕಾದ ವಾಹನ ಮಾತ್ರ ಇದೆ; ಅಹಂ ಎಂಬುದು ಆಮೇಲೆ ಹಿಂದಿರುಗಿ ನೋಡಿದಾಗ ಕಾಣುವ ಲೋಕದ ವಸ್ತುಗಳಲ್ಲೊಂದು ಎಂದ. ಈ ಸಾಲಿನಲ್ಲಿ ನಿಂತವರಿಗೆ, ಮಿದುಳಿನಲ್ಲಿ ‘ನಾನು’ ಎಂಬ ಕೋಣೆ ಸಿಗಲಿಲ್ಲವೆಂದು ಹೇಳಿದರೆ ಯಾರೂ ಬೆಚ್ಚಿಬೀಳುವುದಿಲ್ಲ.

‘ಭ್ರಮೆ ಎಂದರೆ ಯಾರಿಗೆ ಭ್ರಮೆ?’ ಎಂದು ಕೇಳಿ ಗೆದ್ದೆವೆಂದು ಎದ್ದುಹೋಗುವ ವೈಖರಿಯೂ ನನಗೆ ಒಪ್ಪಿಗೆಯಿಲ್ಲ. ವ್ಯಾಕರಣದಲ್ಲಿ ಚತುರ್ಥಿ ವಿಭಕ್ತಿ ಇದೆಯೆಂಬ ಕಾರಣಕ್ಕೆ ಲೋಕದಲ್ಲಿ ಆತ್ಮ ಇರಬೇಕಾಗಿಲ್ಲ. ಆದರೆ ಪದಾರ್ಥ ಇಲ್ಲವೆಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಹಲ್ಲುನೋವಿನಲ್ಲಿ ಒದ್ದಾಡುತ್ತಿರುವವನ ನರಗಳಲ್ಲಿ ಏನೇನು ನಡೆಯುತ್ತಿದೆ ಎಂಬುದರ ಸಂಪೂರ್ಣ ನಕ್ಷೆಯನ್ನು ವೈದ್ಯರು ಪಡೆಯಬಹುದೆಂದೇ ಇಟ್ಟುಕೊಳ್ಳೋಣ. ಆ ನಕ್ಷೆಯನ್ನು ನೋಡುವುದು ಒಂದು ಅನುಭವ, ನೋಯುವುದು ಇನ್ನೊಂದು. ಅಮೆರಿಕದ ದಾರ್ಶನಿಕ ಥಾಮಸ್ ನೇಗೆಲ್ 1974ರಲ್ಲಿ ಬಾವಲಿಯ ಉದಾಹರಣೆಯಿಂದ ಇದನ್ನೇ ಪ್ರಶ್ನೆಯಾಗಿ ಎತ್ತಿದ. ಬಾವಲಿಯ ದೇಹವನ್ನು ಎಷ್ಟೇ ತಿಳಿದರೂ ಬಾವಲಿಯಾಗಿ ಇರುವುದು ಬಾವಲಿಗೆ ಹೇಗಿರುತ್ತದೆ ಎಂಬುದು ಉಳಿದೇ ಇರುತ್ತದೆ. ಅಲ್ಲಿ ಉಳಿಯುವುದು ವಸ್ತುವಲ್ಲ, ನೋವು ಯಾರಿಗಾದರೂ ನೋವಾಗಿರುವ ಬಗೆ. ನರವಿಜ್ಞಾನ ಇದಕ್ಕೆ ಶತ್ರುವೆಂದೂ ನಾನು ತಿಳಿಯುವುದಿಲ್ಲ. ಜೀವವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ 1996ರಲ್ಲಿ, ಅನುಭವದ ಶಿಸ್ತಿನ ವರ್ಣನೆ ಮತ್ತು ಪ್ರಯೋಗಾಲಯದ ಅಳತೆ ಎರಡೂ ಒಂದನ್ನೊಂದು ತಿದ್ದಿಕೊಳ್ಳುತ್ತ ಸಾಗಬೇಕೆಂದು ‘ನ್ಯೂರೋಫಿನಾಮಿನಾಲಜಿ’ ಎಂಬ ಹೆಸರಿನಡಿ ಸೂಚಿಸಿದ. ಏನನ್ನು ವಿವರಿಸಬೇಕು ಎಂಬುದು ಸರಿಯಾಗಿ ಗೊತ್ತಿಲ್ಲದವನಿಗೆ ವಿವರಣೆ ಸಿಕ್ಕರೂ ಗುರುತು ಹತ್ತುವುದಿಲ್ಲವಲ್ಲ.

ಹುಸರ್ಲನ ಪರವಾಗಿ ಇಷ್ಟು ಬರೆದ ನಾನು ಅವನ ಎಲ್ಲ ಮಾತಿಗೂ ತಲೆಯಾಡಿಸುವವನಲ್ಲ. ಅವನ ಕೊನೆಯ ದೊಡ್ಡ ಕೃತಿ ‘ಯುರೋಪಿನ ವಿಜ್ಞಾನಗಳ ಬಿಕ್ಕಟ್ಟು’. ಯಹೂದಿ ಮೂಲದವನೆಂಬ ಕಾರಣಕ್ಕೆ ಜರ್ಮನಿಯಲ್ಲಿ ಬಾಯಿ ಕಟ್ಟಿಹೋಗಿದ್ದರಿಂದ ಅದರ ಮೊದಲ ಭಾಗಗಳು 1936ರಲ್ಲಿ ಬೆಲ್‌ಗ್ರೇಡಿನ ಪತ್ರಿಕೆಯೊಂದರಲ್ಲಿ ಅಚ್ಚಾದವು. ಅವನು ತೀರಿಕೊಂಡ ಮೇಲೆ, ಸುಮಾರು 40,000 ಪುಟಗಳ ಶೀಘ್ರಲಿಪಿ ಹಸ್ತಪ್ರತಿಗಳನ್ನು ವಾನ್ ಬ್ರೆಡಾ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಬೆಲ್ಜಿಯಮ್ಮಿನ ಲೂವೆನ್‌ಗೆ ಸಾಗಿಸದಿದ್ದಿದ್ದರೆ ಉಳಿದದ್ದೂ ನಮಗೆ ಸಿಗುತ್ತಿತ್ತೋ ಇಲ್ಲವೋ. 1954ರಲ್ಲಿ ಪ್ರಕಟವಾದ ಆ ಗ್ರಂಥದ ಪೂರ್ಣ ಪಾಠದಲ್ಲಿ ಅವನು ಒಂದು ವಿರೋಧಾಭಾಸವನ್ನು ಎದುರಿಸುತ್ತಾನೆ: ಮನುಷ್ಯ ಜಗತ್ತನ್ನು ಅರಿಯುವ ವಿಷಯಿಯೂ ಹೌದು, ಅದೇ ಜಗತ್ತಿನೊಳಗಿನ ಒಂದು ವಿಷಯವೂ ಹೌದು, ಭಾಗವೊಂದು ತಾನು ಸೇರಿರುವ ಇಡಿಯನ್ನೇ ಅರ್ಥದಲ್ಲಿ ಕಟ್ಟಿಕೊಡುವುದು ಹೇಗೆ? ಅವನ ಪರಿಹಾರ, ಜಗತ್ತಿಗಿಂತ ಮೊದಲಿನದಾದ ಅತೀತ ಅಹಂ ಒಂದಕ್ಕೆ ಹಿಂದಿರುಗುವುದು. ಪ್ರಶ್ನೆಯನ್ನು ಅಷ್ಟು ತೀಕ್ಷ್ಣವಾಗಿ ಕೇಳಿದವನು ಉತ್ತರದಲ್ಲಿ ಅವಸರಪಟ್ಟನೆಂದು ನನಗನ್ನಿಸುತ್ತದೆ.

ಫ್ರೆಂಚ್ ದಾರ್ಶನಿಕ ಮೆರ್ಲೊ-ಪಾಂಟಿ 1945ರ ‘ಗ್ರಹಿಕೆಯ ಫಿನಾಮಿನಾಲಜಿ’ಯಲ್ಲಿ ಆ ವಿರೋಧಾಭಾಸವನ್ನು ಬಿಡಿಸಲು ಹೋಗದೆ, ಅದು ಎಲ್ಲಿ ದಿನವೂ ಬದುಕಲ್ಪಡುತ್ತಿದೆ ಎಂದು ತೋರಿಸಿದ. ಬಲಗೈಯಿಂದ ಎಡಗೈಯನ್ನು ಮುಟ್ಟಿ ನೋಡಿ: ಮುಟ್ಟಿಸಿಕೊಳ್ಳುತ್ತಿರುವ ಕೈ ಮರುಕ್ಷಣ ತಾನೇ ಮುಟ್ಟುವ ಕೈ ಆಗಬಲ್ಲದು. ದೇಹವು ವಿಷಯವೂ ಹೌದು ವಿಷಯಿಯೂ ಹೌದು ಎಂಬುದು ಇಲ್ಲಿ ಸಿದ್ಧಾಂತವಲ್ಲ, ಚರ್ಮಕ್ಕೆ ತಿಳಿಯುವ ಸಂಗತಿ. ಕೈ ಕಳೆದುಕೊಂಡವನು ಇಲ್ಲದ ಕೈಯಿಂದ ಲೋಟಕ್ಕೆ ಚಾಚುವುದೇಕೆ? ಅವನ ಲೋಟ ಇನ್ನೂ ‘ಎತ್ತಿಕೊಳ್ಳಬಹುದಾದದ್ದು’ ಆಗಿಯೇ ಉಳಿದಿದೆ, ಮತ್ತು ಆ ‘ಬಹುದು’ ಎಂಬುದೇ ದೇಹ. ಡೆಕಾರ್ಟನ ‘ನಾನು ಯೋಚಿಸುತ್ತೇನೆ’ಗಿಂತ ‘ನಾನು ಮಾಡಬಲ್ಲೆ’ ಎಂಬುದು ಮೊದಲಿನದು ಎಂಬ ಈ ಒಳನೋಟದ ಬೀಜ ಹುಸರ್ಲನ ಹಸ್ತಪ್ರತಿಗಳಲ್ಲಿಯೇ ಇತ್ತು, ಅದನ್ನು ಲೂವೆನ್‌ಗೆ ಹೋಗಿ ಓದಿ ಬಂದವರಲ್ಲಿ ಮೆರ್ಲೊ-ಪಾಂಟಿ ಮೊದಲಿಗ. ಅವನು ಹುಸರ್ಲನ ಆ ವಿಧಾನದ ದೊಡ್ಡ ಪಾಠವೆಂದರೆ ಅದನ್ನು ಪೂರ್ತಿಯಾಗಿ ಮಾಡಿ ಮುಗಿಸಲಾಗದು ಎಂಬುದೇ ಎಂದು ಬರೆದದ್ದು ಅಪಹಾಸ್ಯವಲ್ಲ, ಶಿಷ್ಯಭಾವದ ಗೌರವ.

ಲೇಖನ ಸಂಪೂರ್ಣವಾಗಿ ಕೈಬಿಟ್ಟಿರುವ ಭಾಗವೂ ಇಲ್ಲಿಂದಲೇ ಆರಂಭವಾಗುತ್ತದೆ. ಆ ‘ಮಾಡಬಲ್ಲೆ’ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿದೆಯೇ? ಫ್ರೆಂಚ್ ಚಿಂತಕಿ ಸಿಮೋನ್ ದ ಬೋವಾ 1949ರಲ್ಲಿ, ಪುರುಷ ತನ್ನನ್ನು ವಿಷಯಿಯ ಜಾಗದಲ್ಲಿ ಕೂರಿಸಿಕೊಂಡು ಹೆಣ್ಣನ್ನು ‘ಇನ್ನೊಂದು’ ಎಂದು ನಿಲ್ಲಿಸಿದ್ದಾನೆಂದು ತೋರಿಸಿದಳು. ಮಾರ್ಟಿನೀಕ್‌ನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ವೈದ್ಯಕೀಯ ಓದಿದ ಫ್ರಾಂಟ್ಜ್ ಫ್ಯಾನನ್, 1952ರ ತನ್ನ ಮೊದಲ ಪುಸ್ತಕದಲ್ಲಿ, ಬಿಳಿಯ ಮಗುವೊಂದು ತನ್ನನ್ನು ಕಂಡು ಹೆದರಿ ತಾಯಿಗೆ ಕೂಗಿ ಹೇಳಿದ ಗಳಿಗೆಯನ್ನು ವರ್ಣಿಸುತ್ತಾನೆ. ಅಲ್ಲಿಯವರೆಗೆ ಗಮನಕ್ಕೇ ಬಾರದೆ ತನ್ನ ಕೆಲಸ ಮಾಡಿಕೊಂಡಿದ್ದ ದೇಹ ಆ ಕ್ಷಣದಲ್ಲಿ ಚರ್ಮದ ಬಣ್ಣವಾಗಿ, ಇತರರು ಹೇಳುತ್ತ ಬಂದ ಕತೆಗಳ ಕಂತೆಯಾಗಿ ಅವನಿಗೇ ಹಿಂತಿರುಗಿ ಬರುತ್ತದೆ. ನೋಟದೊಳಗೆ ಇತರರಿಗೆ ಜಾಗವಿದೆ ಎಂದು ಹುಸರ್ಲ್ ಕಂಡದ್ದು ನಿಜ. ಆ ಜಾಗದಲ್ಲಿ ನಿಂತವರು ನನ್ನನ್ನು ಏನಾಗಿ ನೋಡುತ್ತಾರೆ ಎಂಬುದು ನಾನು ಏನಾಗಬಲ್ಲೆ ಎಂಬುದನ್ನು ಮುರಿಯಲೂಬಹುದು ಎಂಬುದನ್ನು ಫ್ಯಾನನ್ ಸೇರಿಸಿದ. ಇದನ್ನು ‘ಅವನ ವೈಯಕ್ತಿಕ ಅನಿಸಿಕೆ’ ಎಂದು ಬದಿಗಿಡುವುದು ಸಾಧ್ಯವೇ? ವ್ಯಕ್ತಿಯೊಬ್ಬನ ಅನುಭವದ ಎಚ್ಚರದ ವರ್ಣನೆ ಇಡೀ ಸಮಾಜವೊಂದರ ರಚನೆಯನ್ನು ಕಾಣಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿಯದು.

ಕೊನೆಯದಾಗಿ ಒಂದು ತಿದ್ದುಪಡಿ. ‘ನಾನು ಯೋಚಿಸುತ್ತೇನೆ, ಆದ್ದರಿಂದ ನಾನು ಇದ್ದೇನೆ’ ಎಂಬ ಪ್ರಸಿದ್ಧ ವಾಕ್ಯವನ್ನು ಲೇಖಕರು ಡೆಕಾರ್ಟನ ‘ಧ್ಯಾನಗಳು’ ಕೃತಿಯ ಎರಡನೆಯ ಧ್ಯಾನದಿಂದ ಉದ್ಧರಿಸಿರುವುದಾಗಿ ಹೇಳಿದ್ದಾರೆ. ಆ ವಾಕ್ಯ 1637ರ ‘ವಿಧಾನವನ್ನು ಕುರಿತ ಪ್ರಬಂಧ’ದಲ್ಲಿ ಫ್ರೆಂಚ್ ಭಾಷೆಯಲ್ಲಿಯೂ 1644ರ ‘ತತ್ವಗಳು’ ಗ್ರಂಥದಲ್ಲಿ ಲ್ಯಾಟಿನ್ನಿನಲ್ಲಿಯೂ ಇದೆ. ಎರಡನೆಯ ಧ್ಯಾನದಲ್ಲಿರುವುದು, ‘ನಾನು ಇದ್ದೇನೆ’ ಎಂಬ ಮಾತು ನಾನು ಅದನ್ನು ಆಡಿದಾಗಲೆಲ್ಲ, ಮನಸ್ಸಿನಲ್ಲಿ ಭಾವಿಸಿದಾಗಲೆಲ್ಲ ಅನಿವಾರ್ಯವಾಗಿ ನಿಜ ಎಂಬಷ್ಟು ಮಾತ್ರ. ಅಲ್ಲಿ ಸಾಧನೆಯಿಲ್ಲ, ಕಾಣುವಿಕೆಯಿದೆ. ಮುಂದಿನ ಪುಟಗಳಲ್ಲಿಯೇ ಅವನು ‘ಹಾಗಾದರೆ ನಾನು ಏನು?’ ಎಂದು ಕೇಳಿ ‘ಯೋಚಿಸುವ ಪದಾರ್ಥ’ ಎಂದು ಉತ್ತರಿಸಿದ, ಮತ್ತು ಮೂರು ಶತಮಾನಗಳ ಜಗಳವೆಲ್ಲ ಆ ‘ಪದಾರ್ಥ’ ಎಂಬ ಪದದ ಮೇಲೆ ನಡೆಯಿತು. ತಾವು ಮುಂದಿನ ವಾರ ತಿದ್ದುಪಡಿ ಪ್ರಕಟಿಸುವುದಾದರೆ, ದಯವಿಟ್ಟು ಆ ಉದ್ಧರಣೆಯಿಂದ ‘ಆದ್ದರಿಂದ’ ಎಂಬುದನ್ನು ತೆಗೆಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ